ಇರುಳ ಬೆವರು

ಮಕರ ಮಾಸದ ಬೆಳಗಿನ ಜಾವ ನಮ್ಮ ಕುಂದಾಪುರದ ಕಡೆ ಬೆವರುವವರು ಯಾರೂ ಇರುವುದಿಲ್ಲ. ವರ್ಷದ ಹತ್ತು ತಿಂಗಳು ನಾವು ಬೆವರುತ್ತಲೇ ಬದುಕುವವರು ಎಂಬುದು ನಿಜವೇ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಕರೆಂಟು ಹೋದರೆ ಚಾಪೆಯ ಗುರುತು ಬೆನ್ನ ಮೇಲೆ ಅಚ್ಚೊತ್ತಿದಂತೆ ಮೂಡುತ್ತದೆ. ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಆದರೆ ಜನವರಿಯ ನಸುಕು ಹಾಗಲ್ಲ. ಅಂಗಳದಲ್ಲಿ ಇಬ್ಬನಿ ಬಿದ್ದಿರುತ್ತದೆ, ಹೊದಿಕೆ ಎಳೆದುಕೊಂಡಷ್ಟೂ ಸಾಲದು. ಅಂಥ ಒಂದು ಇರುಳಿನಲ್ಲಿ, ನಾಲ್ಕು ವರ್ಷಗಳ ಹಿಂದೆ, ನನಗೆ ಫಕ್ಕನೆ ಎಚ್ಚರವಾಯಿತು. ಕುತ್ತಿಗೆ, ಎದೆ, ಬೆನ್ನು ಎಲ್ಲ ಬೆವೆತು ನೀರಾಗಿ, ರವಿಕೆ ಮೈಗೆ ಅಂಟಿತ್ತು. ದಿಂಬಿನ ಬಟ್ಟೆ ಹಿಂಡಿದರೆ ನೀರು ಬೀಳುವಷ್ಟು ಒದ್ದೆ. ಮನೆಯವರು ಪಕ್ಕದಲ್ಲಿ ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿದ್ದರು. ನಾನು ಸದ್ದಾಗದಂತೆ ಎದ್ದು, ಬಟ್ಟೆ ಬದಲಾಯಿಸಿ, ದಿಂಬನ್ನು ಮಗುಚಿ ಹಾಕಿ ಮಲಗಿದೆ. ನಿದ್ದೆ ಬರಲಿಲ್ಲ. ನನ್ನ ಅಜ್ಜಿಯ ತಂಗಿ ನೆನಪಾದರು.

ಅವರನ್ನು ನಾನು ಕಂಡವಳಲ್ಲ. ಸ್ವಾತಂತ್ರ್ಯ ಬರುವುದಕ್ಕೆ ಮೊದಲೇ, ಇಪ್ಪತ್ತೆರಡರ ಹರೆಯದಲ್ಲಿ ತೀರಿಕೊಂಡರಂತೆ. ನಮ್ಮ ತವರುಮನೆಯಲ್ಲಿ ಅವರ ಹೆಸರು ಹೇಳುವ ರೂಢಿಯೇ ಇರಲಿಲ್ಲ. ಕಾಯಿಲೆಯ ಹೆಸರಂತೂ ದೂರವೇ ಉಳಿಯಿತು. 'ಆ ಕಾಯಿಲೆ' ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಅಮ್ಮ ಒಮ್ಮೆ ಮಾತ್ರ, ಹಲಸಿನ ಹಪ್ಪಳ ಹಚ್ಚುತ್ತ ಕುಳಿತಾಗ, ಆ ಕಥೆ ಹೇಳಿದರು. ಪಡಸಾಲೆಯ ಪಕ್ಕದ ಕೋಣೆಯಲ್ಲಿ ಚಿಕ್ಕಮ್ಮನನ್ನು ಮಲಗಿಸಿದ್ದರಂತೆ. ತಟ್ಟೆ, ಲೋಟ ಬೇರೆ. ಸಂಜೆಯಾದರೆ ಕೆನ್ನೆ ಕೆಂಪೇರಿ ಸಣ್ಣಗೆ ಜ್ವರ. ಇರುಳೆಲ್ಲ ಬೆವರು. ಬೆಳಕು ಹರಿಯುವ ಮೊದಲೇ ಅಜ್ಜಿ ಆ ಒದ್ದೆ ಸೀರೆಗಳನ್ನು ಕೆರೆಗೆ ಒಯ್ದು ಒಗೆದು, ಹಾದಿಯವರಿಗೆ ಕಾಣದಂತೆ ಮನೆಯ ಹಿಂದೆ ಒಣಗಿಸುತ್ತಿದ್ದರಂತೆ. ಕಾಯಿಲೆಗಿಂತ ಹೆಚ್ಚಿನ ಅಂಜಿಕೆ ಊರ ಬಾಯಿಯದ್ದು. ಇನ್ನೂ ಮೂವರು ಹೆಣ್ಣುಮಕ್ಕಳ ಮದುವೆ ಆಗಬೇಕಿತ್ತಲ್ಲ!

ಹಾಗಾಗಿ ನನ್ನ ಪಾಲಿಗೆ ಇರುಳ ಬೆವರು ಎಂದರೆ ಒಂದೇ ಅರ್ಥ. ಅದು ಕ್ಷಯ.

ಇದೇನೂ ನಮ್ಮ ಮನೆಯ ಹೆಂಗಸರ ಅಜ್ಞಾನ ಎಂದು ತಳ್ಳಿಹಾಕುವಂತಿಲ್ಲ. ಸಾವಿರಾರು ವರ್ಷಗಳ ಅನುಭವ ಅದರ ಹಿಂದಿದೆ. ನಮ್ಮ ಆಯುರ್ವೇದದ ಹಿರಿಯರು ಇದನ್ನು ರಾಜಯಕ್ಷ್ಮ ಎಂದು ಕರೆದರು. ಹಲವು ಹೆಂಡಿರ ಪೈಕಿ ರೋಹಿಣಿಯೊಬ್ಬಳನ್ನೇ ಮೆಚ್ಚಿಕೊಂಡ ಚಂದ್ರನಿಗೆ ಮಾವನಾದ ದಕ್ಷನ ಕೋಪದಿಂದ ಬಂದ ರೋಗ ಇದು ಎಂಬ ಕಥೆಯನ್ನು ಚರಕಸಂಹಿತೆಯೂ ಹೇಳುತ್ತದೆ. ದಿನದಿನಕ್ಕೆ ಕರಗುವ ಚಂದ್ರನಲ್ಲಿ ಅವರು ದಿನದಿನಕ್ಕೆ ಸವೆಯುವ ರೋಗಿಯನ್ನು ಕಂಡರು. ಕಾರಣ ತಿಳಿಯದಿದ್ದರೂ ಲಕ್ಷಣವನ್ನು ಕಂಡ ಕಣ್ಣು ಮಾತ್ರ ಚುರುಕಾಗಿತ್ತು.

ನಮ್ಮ ಜಿಲ್ಲೆಯವರಿಗೆ ಈ ರೋಗದ ಹೆಸರು ಕೇಳಿದೊಡನೆ ನೆನಪಾಗಬೇಕಾದವರು ಇನ್ನೊಬ್ಬರಿದ್ದಾರೆ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಎಂದರೆ ನಮ್ಮ ಮುದ್ದಣ. ಅವರು ಹುಟ್ಟಿದ್ದು 1870ರಲ್ಲಿ. ವೃತ್ತಿಯಿಂದ ವ್ಯಾಯಾಮ ಶಿಕ್ಷಕರು. ಉಡುಪಿಯಲ್ಲಿ ದುಡಿದವರು, ಕೆಲಕಾಲ ನಮ್ಮ ಕುಂದಾಪುರದ ಹೈಸ್ಕೂಲಿನಲ್ಲೂ ಮಕ್ಕಳಿಗೆ ಕವಾಯತು ಕಲಿಸಿದವರು. ಮಕ್ಕಳಿಗೆ ಮುದ್ದಣ ಮನೋರಮೆಯರ ಸಲ್ಲಾಪ ಪಾಠ ಮಾಡುವಾಗಲೆಲ್ಲ ನಾನು ಈ ಸಂಗತಿಯನ್ನು ಹೇಳುತ್ತೇನೆ. ಮೈಗಟ್ಟು ಕಲಿಸುವ ಮೇಷ್ಟರೇ ಮೈ ಸವೆದು, 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ ಕ್ಷಯಕ್ಕೆ ಬಲಿಯಾದರು ಎಂದಾಗ ತರಗತಿ ಒಮ್ಮೆ ಸ್ತಬ್ಧವಾಗುತ್ತದೆ. 'ಶ್ರೀರಾಮಾಶ್ವಮೇಧ'ವನ್ನು ತನ್ನ ಹೆಸರು ಮರೆಸಿ ಯಾವುದೋ ಹಳೆಯ ಕವಿಯ ಕೃತಿಯೆಂಬಂತೆ ಮೈಸೂರಿಗೆ ಕಳುಹಿಸಿದ ಸಂಕೋಚದ ಮನುಷ್ಯ ಅವರು. ಆ ಹೊತ್ತಿಗಾಗಲೇ ರೋಗದ ಕಾರಣ ಲೋಕಕ್ಕೆ ತಿಳಿದಿತ್ತು. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟಿದ್ದ. ಕಾರಣ ತಿಳಿದರೂ ಮದ್ದು ಸಿಗಲು ಇನ್ನೂ ಅರುವತ್ತು ವರ್ಷ ಕಾಯಬೇಕಾಯಿತು. ಮುದ್ದಣರಿಗೂ ನನ್ನ ಅಜ್ಜಿಯ ತಂಗಿಗೂ ಅಷ್ಟು ಆಯುಷ್ಯವಿರಲಿಲ್ಲ.

ನನ್ನ ಕಥೆಗೆ ಬರುತ್ತೇನೆ. ಮೂರು ವಾರ ನಾನು ಯಾರಿಗೂ ಹೇಳಲಿಲ್ಲ. ಬಿ.ಎ., ಬಿ.ಎಡ್. ಓದಿದವಳು, ಮೂವತ್ತು ವರ್ಷ ಮಕ್ಕಳಿಗೆ ಆರೋಗ್ಯದ ಪಾಠ ಹೇಳಿದವಳು, ನನ್ನ ಅಜ್ಜಿ ಮಾಡಿದಂತೆಯೇ ಬೆಳಗಾಗುವ ಮೊದಲು ದಿಂಬಿನ ಬಟ್ಟೆ ಒಗೆದು ಹಿತ್ತಲಲ್ಲಿ ಒಣಹಾಕುತ್ತಿದ್ದೆ. ಕೊನೆಗೆ ಮಗಳೇ ಕಂಡುಹಿಡಿದು, ಬೈದು, ವೈದ್ಯರ ಬಳಿಗೆ ಎಳೆದುಕೊಂಡು ಹೋದಳು.

ಆ ವೈದ್ಯೆ ನನ್ನ ಮಗಳಿಗಿಂತ ಹತ್ತು ವರ್ಷಕ್ಕೆ ದೊಡ್ಡವರಿರಬಹುದು. ಮೊದಲು ಕೇಳಿದ್ದು ಮೂರು ಪ್ರಶ್ನೆ. "ಎರಡು ವಾರ ಮೀರಿದ ಕೆಮ್ಮು ಉಂಟಾ? ಸಂಜೆ ಜ್ವರ ಬರ್ತದಾ? ತೂಕ ಇಳಿದಿದೆಯಾ?" ಮೂರಕ್ಕೂ ಇಲ್ಲ ಎಂದೆ. ಆಮೇಲೆ ಸಕ್ಕರೆ ಕಾಯಿಲೆಯ ಮಾತ್ರೆ ತಿನ್ನುತ್ತೀರಾ, ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದೀರಾ, ನಿದ್ದೆಗೆ, ಮನಸ್ಸಿನ ಬೇಸರಕ್ಕೆ ಯಾವುದಾದರೂ ಮದ್ದು ಉಂಟಾ, ಚಳಿ ಹಿಡಿದು ನಡುಗಿದ್ದುಂಟಾ ಎಂದು ವಿಚಾರಿಸಿದರು. ಕುತ್ತಿಗೆ, ಕಂಕುಳಲ್ಲಿ ಗಂಟು ಇದೆಯೇ ಎಂದು ಮುಟ್ಟಿ ನೋಡಿದರು. ಕೊನೆಗೆ, "ಟೀಚರ್, ಮುಟ್ಟು ಸರಿಯಾಗಿ ಆಗ್ತಾ ಉಂಟಾ?" ಎಂದರು. ಏಳು ತಿಂಗಳಿಂದ ಇಲ್ಲ ಎಂದೆ. ಅವರು ನಕ್ಕರು. ಅಷ್ಟರಲ್ಲಿ ನನಗೂ ಅರ್ಥವಾಗಿತ್ತು.

ನನಗೆ ನಾಚಿಕೆಯಾದದ್ದು ನಿಜ. ಆದರೆ ತಪ್ಪು ನನ್ನದೊಂದೇ ಅಲ್ಲ. ಕೆರೆಯ ಕಟ್ಟೆಯಲ್ಲಿ, ಬಾವಿಯ ಬಳಿ ಹೆಂಗಸರು ಲೋಕದ ಸುದ್ದಿಯನ್ನೆಲ್ಲ ಆಡಿದರೂ ಮುಟ್ಟು ನಿಂತ ಮೇಲಿನ ಸಂಗತಿಯನ್ನು ಆಡಿದ್ದು ನಾನು ಕೇಳಿಲ್ಲ. ಹೊರಗಾಗುವ ಕಟ್ಟುಪಾಡು ತಪ್ಪಿತಲ್ಲ, ಇನ್ನು ದೇವರ ಕೋಣೆಗೆ ಯಾವಾಗ ಬೇಕಾದರೂ ಹೋಗಬಹುದು ಎಂಬ ನೆಮ್ಮದಿಯ ಮಾತು ಮಾತ್ರ ಕಿವಿಗೆ ಬೀಳುತ್ತಿತ್ತು. ಮೈ ಬಿಸಿಯೇರಿದರೆ 'ಉಷ್ಣ', ತಲೆ ತಿರುಗಿದರೆ 'ಪಿತ್ತ'. ಅಮ್ಮ ಆ ವಯಸ್ಸಿನಲ್ಲಿ ಇರುಳು ಎದ್ದು ಚಾವಡಿಯ ತಣ್ಣನೆ ನೆಲದ ಮೇಲೆ ಮಲಗುತ್ತಿದ್ದುದು ಈಗ ನೆನಪಾಗುತ್ತದೆ. ಯಾಕೆಂದು ನಾವು ಯಾರೂ ಕೇಳಲಿಲ್ಲ.

ವಿಜ್ಞಾನವೂ ತಡವಾಗಿಯೇ ಕೇಳಿತು. ಈ ಸ್ಥಿತಿಗೆ ಇಂದು ಬಳಕೆಯಲ್ಲಿರುವ ಮೆನೋಪಾಸ್ ಎಂಬ ಹೆಸರು ಫ್ರಾನ್ಸಿನ ವೈದ್ಯನೊಬ್ಬನಿಂದ ಬಂದದ್ದು 19ನೆಯ ಶತಮಾನದ ಆರಂಭದಲ್ಲಿ. ಈಸ್ಟ್ರೋಜನ್ ಬಗೆಯ ಸ್ತ್ರೀ ಹಾರ್ಮೋನನ್ನು ಬೇರ್ಪಡಿಸಿದ್ದು 1929ರಲ್ಲಿ. ಅದು ಮೈಯಲ್ಲಿ ಇಳಿಮುಖವಾದಾಗ ಮಿದುಳಿನಲ್ಲಿ ಶಾಖವನ್ನು ಹಿಡಿತದಲ್ಲಿಡುವ ಭಾಗ ಅತಿ ಸೂಕ್ಷ್ಮವಾಗುತ್ತದೆ. ಸ್ವಲ್ಪ ಬಿಸಿಯಾದರೂ ಸಾಕು, ಬೆಂಕಿ ಬಿದ್ದಿತೋ ಎಂಬಂತೆ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಸುರಿಸಿಬಿಡುತ್ತದೆ. ನಮ್ಮ ದೇಶದ ಹೆಂಗಸರಿಗೆ ಇದು ಪಾಶ್ಚಾತ್ಯರಿಗಿಂತ ಮೊದಲೇ, ಸರಾಸರಿ 46-47ರ ಸುಮಾರಿಗೆ ಬರುತ್ತದೆ. ಅಮೆರಿಕದಲ್ಲಿ 1942ರಿಂದ ಹಾರ್ಮೋನು ಮಾತ್ರೆಗಳು ಮಾರಾಟಕ್ಕೆ ಬಂದವು. 2002ರಲ್ಲಿ ಅಲ್ಲಿಯದೇ ದೊಡ್ಡ ಅಧ್ಯಯನವೊಂದು ಸ್ತನದ ಕ್ಯಾನ್ಸರ್, ಪಾರ್ಶ್ವವಾಯುವಿನ ಅಪಾಯ ತೋರಿಸಿದಾಗ ಜನ ಹೆದರಿ ಬಿಟ್ಟುಬಿಟ್ಟರು. ಈಗ ವೈದ್ಯರು ನಡುದಾರಿಯಲ್ಲಿದ್ದಾರೆ. ಅರುವತ್ತರ ಒಳಗಿನವರಿಗೆ, ಬೇರೆ ತೊಂದರೆ ಇಲ್ಲದವರಿಗೆ, ಬೆವರಿನ ಕಾಟ ತಡೆಯಲಾಗದಿದ್ದರೆ, ನೋಡಿಕೊಂಡು ಕೊಡುತ್ತಾರೆ. ಹಾರ್ಮೋನು ಆಗದವರಿಗೆ ಬೇರೆ ಮದ್ದುಗಳೂ ಇವೆ. ನನಗೆ ಯಾವ ಮಾತ್ರೆಯೂ ಬೇಕಾಗಲಿಲ್ಲ. ಹತ್ತಿಯ ಸಡಿಲ ಉಡುಪು, ತೆಗೆದು ಹಾಕಲು ಅನುಕೂಲವಾಗುವ ತೆಳು ಹೊದಿಕೆ, ತೆರೆದ ಕಿಟಕಿ, ಸಂಜೆಯ ಕಾಫಿಗೆ ವಿದಾಯ, ರಾತ್ರಿಯೂಟದಲ್ಲಿ ಖಾರಕ್ಕೆ ಕಡಿವಾಣ, ಹಾಸಿಗೆಯ ಬಳಿ ಒಂದು ಚೊಂಬು ನೀರು. ಇಷ್ಟರಲ್ಲಿ ಒಂದೂವರೆ ವರ್ಷ ಕಳೆಯಿತು.

ವೈದ್ಯೆ ಚಳಿ ಹಿಡಿದದ್ದುಂಟಾ ಎಂದು ಕೇಳಿದ್ದಕ್ಕೂ ಒಂದು ಚರಿತ್ರೆಯಿದೆ. ನನ್ನ ಅತ್ತೆಯ ತವರು ಬೈಂದೂರಿನಿಂದ ಒಳಗೆ, ಕೊಲ್ಲೂರು ಘಟ್ಟದ ಬುಡದಲ್ಲಿ. ಅತ್ತೆಗೆ ಇರುಳ ಬೆವರು ಎಂದರೆ ಕ್ಷಯವಲ್ಲ, ಚಳಿಜ್ವರ. ಮೊದಲು ನಾಲ್ಕು ಕಂಬಳಿ ಹೊದಿಸಿದರೂ ನಿಲ್ಲದ ನಡುಕ, ಆಮೇಲೆ ಮೈ ಸುಡುವ ಕಾವು, ಕೊನೆಗೆ ಮಳೆಯಂತೆ ಬೆವರು. ಒಂದು ದಿನ ಬಿಟ್ಟು ಮತ್ತೆ ಅದೇ ಹೊತ್ತಿಗೆ. ಬೆವರು ಬಂತೆಂದರೆ ಆ ಸಲದ ಜ್ವರ ಇಳಿಯಿತು ಎಂದು ಮನೆಯವರಿಗೆ ಸಮಾಧಾನ. ಬ್ರಿಟಿಷರ ಕಾಲದಲ್ಲಿ ಅಂಚೆಕಚೇರಿಗಳಲ್ಲೇ ಕ್ವಿನೈನ್ ಪೊಟ್ಟಣ ಮಾರುತ್ತಿದ್ದರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡ.

ಆಗ ನಮ್ಮ ಶಿರೂರಿನ ಗಡಿ ದಾಟಿದರೆ ಮುಂಬಯಿ ಪ್ರಾಂತ, ಈಚೆಗೆ ಮದರಾಸು ಪ್ರಾಂತ. ಆಚೆಯ ಉತ್ತರ ಕನ್ನಡ ಮಲೇರಿಯಾಕ್ಕೆ ಕುಖ್ಯಾತವಾಗಿದ್ದ ಜಿಲ್ಲೆ. ಅಲ್ಲಿಯೂ ಧಾರವಾಡದಲ್ಲಿಯೂ 1946ರಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಹಳ್ಳಿಮನೆಗಳ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿದರು. ಅಲ್ಲಿ ಸಿಕ್ಕ ಫಲವೇ 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಯೋಜನೆಗೆ ದಾರಿ ತೋರಿದವುಗಳಲ್ಲಿ ಒಂದು. ಅರುವತ್ತರ ದಶಕದ ಆರಂಭಕ್ಕೆ ದೇಶದಲ್ಲಿ ರೋಗ ಬಹುತೇಕ ಅಡಗಿತ್ತು. ಗೆದ್ದೆವು ಎಂದು ಮೈಮರೆತೆವು. 1976ರಲ್ಲಿ ಅದು 64 ಲಕ್ಷ ಜನರನ್ನು ಹಿಡಿಯಿತು. 1990ರ ದಶಕದಲ್ಲಿ ಮಂಗಳೂರಿನ ಕಟ್ಟಡ ಕೆಲಸದ ಜಾಗಗಳ ನಿಂತ ನೀರಿನಿಂದ ಮತ್ತೆ ತಲೆಯೆತ್ತಿದ್ದು ನಮ್ಮ ಪ್ರಾಯದವರಿಗೆಲ್ಲ ನೆನಪಿದೆ. ಈಗ ಕಡಮೆಯಾಗಿದೆ. ಆದರೂ ನಡುಕ, ಜ್ವರ, ಬೆವರು ಸರದಿಯಲ್ಲಿ ಬಂದರೆ ರಕ್ತಪರೀಕ್ಷೆ ಮಾಡಿಸಲೇಬೇಕು.

ಇಲ್ಲಿಯವರೆಗೆ ಬರೆದದ್ದು ಸುಲಭದ ಮಾತು. ಮುಂದಿನದ್ದನ್ನು ಬರೆಯಲೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ.

ನನ್ನ ಭಯ ಕಳೆದ ಮೇಲೆ ನಾನು ಪಂಡಿತಳಾದೆ. ಶಾಲೆಯ ಸ್ಟಾಫ್ ರೂಮಿನಲ್ಲಿ, ಮದುವೆ ಮನೆಗಳಲ್ಲಿ, ಹಾಲಿನ ಡೈರಿಯ ಎದುರು, ನಲವತ್ತೈದು ದಾಟಿದ ಹೆಂಗಸರು ಸಿಕ್ಕಿದರೆ ಸಾಕು, ಮುಟ್ಟು ನಿಲ್ಲುವ ಕಾಲದ ಬಗೆಗೆ ಪಾಠ. ನಾಚಿಕೆ ಬಿಟ್ಟು ಮಾತಾಡಬೇಕು ಎಂಬ ಹಟ. ಎರಡು ವರ್ಷಗಳ ಹಿಂದೆ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಾಕೆ ಒಂದು ಮಧ್ಯಾಹ್ನ ಪಾತ್ರೆ ತೊಳೆಯುತ್ತ ನನ್ನನ್ನು ಕರೆದರು. ವಯಸ್ಸು ನಲವತ್ತಾರು. ದನಿ ತಗ್ಗಿಸಿ ಹೇಳಿದರು: "ಟೀಚ್ರೇ, ರಾತ್ರಿ ಮೈಯೆಲ್ಲ ಬೆವತ್ ಸೀರಿ ಒದ್ದಿ ಆತ್ತ್. ಎಂತ ಅಂದೇಳಿ ಗೊತ್ತಾತಿಲ್ಲ."

ನನಗೆ ಸಂತೋಷವಾಯಿತು ಎಂದರೆ ನಂಬುತ್ತೀರಾ? ಗೊತ್ತಿರುವ ಪ್ರಶ್ನೆ ಬಂದ ವಿದ್ಯಾರ್ಥಿಯಂತೆ ಉತ್ತರಿಸಿದೆ. "ಹೆದ್ರುದ್ ಬ್ಯಾಡ ಮಾರಾಯ್ತಿ. ನಂಗೂ ಹಾಂಗೇ ಆಯಿತ್. ಪ್ರಾಯದ್ದ್ ಅದ್." ಕಾಫಿ ಬಿಡಿ, ಹತ್ತಿ ಬಟ್ಟೆ ಹಾಕಿ, ಎಳನೀರು ಕುಡಿಯಿರಿ ಎಂದೆ. ಅವರು ನೆಮ್ಮದಿಯಿಂದ ತಲೆಯಾಡಿಸಿದರು. ಮೇಡಂ ಹೇಳಿದ ಮೇಲೆ ಮುಗಿಯಿತಲ್ಲ.

ವೈದ್ಯೆ ನನಗೆ ಕೇಳಿದ ಮೂರು ಪ್ರಶ್ನೆಗಳಲ್ಲಿ ಒಂದನ್ನೂ ನಾನು ಅವರಿಗೆ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಕಣ್ಣೆದುರೇ ಇತ್ತು. ಅವರು ಕೆಮ್ಮುತ್ತಿದ್ದರು, ಒಗ್ಗರಣೆಯ ಘಾಟು ಎಂದುಕೊಂಡಿದ್ದೆ. ರವಿಕೆಯ ತೋಳು ಸಡಿಲವಾಗಿ ಪಿನ್ನು ಹಾಕಿದ್ದರು. ದುಡಿತ ಹೆಚ್ಚಾಯಿತು ಎಂದುಕೊಂಡಿದ್ದೆ. ಎರಡು ತಿಂಗಳ ಬಳಿಕ ಆಶಾ ಕಾರ್ಯಕರ್ತೆ ಮನೆಮನೆಗೆ ಬಂದಾಗ ಕೆಮ್ಮು ಕೇಳಿ ಕಫ ಪರೀಕ್ಷೆಗೆ ಕಳುಹಿಸಿದರು. ಫಲಿತಾಂಶ ಬಂತು. ಶ್ವಾಸಕೋಶದ ಕ್ಷಯ.

ಆ ರಾತ್ರಿ ನಾನು ಬೆವರಿದ್ದು ಯಾವ ಹಾರ್ಮೋನಿನಿಂದಲೂ ಅಲ್ಲ.

ಸುದ್ದಿ ಹಬ್ಬಲು ಎರಡು ದಿನ ಸಾಕಾಯಿತು. ಹೆತ್ತವರ ಸಭೆ ಕರೆಯಬೇಕಾಯಿತು. ಅಡುಗೆಯಾಕೆಯನ್ನು ಕೂಡಲೇ ತೆಗೆದುಹಾಕಬೇಕು, ಪಾತ್ರೆಗಳನ್ನೆಲ್ಲ ಬದಲಾಯಿಸಬೇಕು ಎಂಬ ಮಾತು ಬಂತು. ಮಕ್ಕಳ ಮೇಲಿನ ಪ್ರೀತಿಯಿಂದ ಬಂದ ಮಾತೇ, ಸಿಟ್ಟು ಮಾಡುವಂತಿರಲಿಲ್ಲ. ಆದರೆ ನನ್ನ ಕಣ್ಣಿಗೆ ಪಡಸಾಲೆಯ ಪಕ್ಕದ ಆ ಕೋಣೆ, ಬೇರೆ ತಟ್ಟೆ, ಬೇರೆ ಲೋಟ ಕಾಣತೊಡಗಿತು. ನಾನು ಎದ್ದು ನಿಂತೆ.

ನಾನು ಹೇಳಿದ್ದು ಒಂದು ಚರಿತ್ರೆಯ ಪಾಠ. ಸ್ಟ್ರೆಪ್ಟೊಮೈಸಿನ್ ಎಂಬ ಮದ್ದು 1943ರಲ್ಲಿ ಅಮೆರಿಕದಲ್ಲಿ ದೊರೆಯಿತು. 1952ರಲ್ಲಿ ಐಸೊನಯಾಜಿಡ್ ಬಂತು. ಅದಕ್ಕೆ ಮೊದಲು ಒಳ್ಳೆಯ ಗಾಳಿ, ಒಳ್ಳೆಯ ಆಹಾರ, ವಿಶ್ರಾಂತಿ ಇಷ್ಟೇ ಚಿಕಿತ್ಸೆ. ಮೈಸೂರಿನಲ್ಲಿ 1921ರಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ ಆಯಿತು. ಮದರಾಸು ಪ್ರಾಂತದ ನಮಗೆ ಮದನಪಲ್ಲಿ, 1928ರ ಬಳಿಕ ತಾಂಬರಂ. ಹಣವಿದ್ದವರಷ್ಟೇ ಅಷ್ಟು ದೂರ ಹೋದಾರು. ಬಡವರಿಗೆ ಮನೆಯ ಮೂಲೆ. 1956ರಲ್ಲಿ ಮದರಾಸಿನಲ್ಲಿ ಒಂದು ಪ್ರಯೋಗ ಆರಂಭವಾಯಿತು. ಬಡ, ಇಕ್ಕಟ್ಟಿನ ಮನೆಗಳ ಇನ್ನೂರರಷ್ಟು ರೋಗಿಗಳನ್ನು ಆರಿಸಿ, ಅರ್ಧದಷ್ಟು ಜನರನ್ನು ಸ್ಯಾನಟೋರಿಯಮ್ಮಿನಲ್ಲಿಟ್ಟು, ಉಳಿದರ್ಧ ಜನರಿಗೆ ಮನೆಯಲ್ಲಿಯೇ ಅದೇ ಮದ್ದು ಕೊಟ್ಟು ಒಂದು ವರ್ಷ ನೋಡಿದರು. 1959ರಲ್ಲಿ ಫಲ ಪ್ರಕಟವಾಯಿತು: ಮನೆಯಲ್ಲಿದ್ದವರೂ ಹೆಚ್ಚುಕಡಮೆ ಅಷ್ಟೇ ಗುಣಮುಖರಾಗಿದ್ದರು, ಅವರ ಮನೆಯವರಿಗೆ ಹೆಚ್ಚಿನ ಅಪಾಯವೂ ಆಗಿರಲಿಲ್ಲ. ಲೋಕದ ಸ್ಯಾನಟೋರಿಯಂಗಳ ಬಾಗಿಲು ಮುಚ್ಚಲು ಕಾರಣವಾದ ಈ ಅರಿವು ಹೊರಟದ್ದು ನಮ್ಮ ಹಳೆಯ ರಾಜಧಾನಿ ಮದರಾಸಿನ ಬಡವರ ಗುಡಿಸಲುಗಳಿಂದ. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯೂ ಸ್ಥಾಪನೆಯಾಯಿತು. 1997ರಿಂದ ಎದುರಿಗೆ ಕುಳ್ಳಿರಿಸಿ ಮದ್ದು ನುಂಗಿಸುವ ಕ್ರಮ ಬಂದು 2006ಕ್ಕೆ ಇಡೀ ದೇಶಕ್ಕೆ ಹಬ್ಬಿತು.

"ಈ ರೋಗ ತಟ್ಟೆಯಿಂದ ಬರುವುದಿಲ್ಲ, ಕೆಮ್ಮಿದ ಗಾಳಿಯಿಂದ ಬರುತ್ತದೆ. ಸರಿಯಾಗಿ ಮದ್ದು ಶುರುವಾದರೆ ಕೆಲವೇ ವಾರಗಳಲ್ಲಿ ಹರಡುವುದು ಬಹಳ ಮಟ್ಟಿಗೆ ನಿಲ್ಲುತ್ತದೆ. ಅವರು ಈಗ ರಜೆಯಲ್ಲಿರಲಿ, ಡಾಕ್ಟರು ಒಪ್ಪಿದ ದಿನ ಬರಲಿ" ಎಂದೆ. ಮತ್ತೆ, ಹೇಳಲೇಬೇಕಾದದ್ದನ್ನು ಹೇಳಿದೆ: "ಎರಡು ತಿಂಗಳ ಹಿಂದೆ ಅವರು ನನಗೆ ಹೇಳಿದ್ದರು. ಪ್ರಾಯದ್ದು ಎಂದು ನಾನು ಸಮಾಧಾನ ಮಾಡಿ ಕಳುಹಿಸಿದೆ. ಮಕ್ಕಳಿಗೆ ಅಪಾಯವಾಗಿದ್ದರೆ ಅದರಲ್ಲಿ ನನ್ನ ಪಾಲು ದೊಡ್ಡದು. ತೆಗೆಯುವುದಾದರೆ ಮೊದಲು ನನ್ನನ್ನು ತೆಗೆಯಬೇಕು." ಸಭೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಹಿಂದಿನ ಬೆಂಚಿನಲ್ಲಿದ್ದ ಮುದುಕರೊಬ್ಬರು, "ನಮ್ಮ ಮನೆಯಲ್ಲೂ ಒಬ್ಬರಿಗೆ ಬಂದಿತ್ತು, ಗುಣ ಆಯಿತು" ಎಂದರು. ಆಮೇಲೆ ಇನ್ನೊಬ್ಬರು. ಎಷ್ಟು ಮನೆಗಳಲ್ಲಿ 'ಆ ಕಾಯಿಲೆ' ಅಡಗಿ ಕುಳಿತಿತ್ತೆಂದು ಅಂದು ತಿಳಿಯಿತು.

ಆರೋಗ್ಯ ಇಲಾಖೆಯವರು ಬಂದು ಮಕ್ಕಳನ್ನು ಪರೀಕ್ಷಿಸಿದರು. ದೇವರ ದಯೆ, ಯಾರಿಗೂ ಇರಲಿಲ್ಲ. ಅಡುಗೆಯಾಕೆಯ ಮೂರು ವರ್ಷದ ಮೊಮ್ಮಗನಿಗೆ ಮುಂಜಾಗ್ರತೆಯ ಮದ್ದು ಕೊಟ್ಟರು. ಹುಟ್ಟಿದಾಗ ಬಿ.ಸಿ.ಜಿ. ಚುಚ್ಚಿಸಿದೆಯಲ್ಲ ಎಂದು ಅವರು ಕೇಳಿದ್ದರು. ಆ ಲಸಿಕೆ ಮಕ್ಕಳನ್ನು ಮಿದುಳಿಗೆ ಏರುವಂಥ ಘೋರ ಬಗೆಯ ಕ್ಷಯದಿಂದ ಕಾಪಾಡುತ್ತದೆ. ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ಅದು ಭರವಸೆಯ ತಡೆಯಲ್ಲ. ಅವರು ಆರು ತಿಂಗಳು ಒಂದು ದಿನ ತಪ್ಪದೆ ಮಾತ್ರೆ ನುಂಗಿದರು. ಮದ್ದು ಉಚಿತ, ಪೌಷ್ಟಿಕ ಆಹಾರಕ್ಕೆಂದು ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಿಂದ 1000 ಮಾಡಿದೆ. ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದಾಗ ಹೆದರಿ ನನಗೆ ಫೋನು ಮಾಡಿದ್ದರು. ಈ ಸಲ ನಾನು ಉತ್ತರ ಹೇಳಲಿಲ್ಲ. ಆರೋಗ್ಯ ಕೇಂದ್ರಕ್ಕೆ ಕೇಳಿಸಿದೆ. ಅದು ಮದ್ದಿನ ಬಣ್ಣ, ಹೆದರಬೇಡಿ ಎಂದರು.

ಇದನ್ನು ಓದುವ ತಂಗಿಯರಿಗೆ, ಅಕ್ಕಂದಿರಿಗೆ ನಾನು ಹೇಳುವುದು ಇಷ್ಟೆ. ಸೆಕೆಗೆ ಬೆವರಿದರೆ ಅದು ನಮ್ಮ ಊರಿನ ಗುಣ. ತಗಡಿನ ಮಾಡು, ದಪ್ಪ ಹೊದಿಕೆಯೂ ಕಾರಣವಿರಬಹುದು. ತಣ್ಣನೆಯ ಇರುಳಿನಲ್ಲಿ ಬಟ್ಟೆ ಬದಲಾಯಿಸುವಷ್ಟು ಮತ್ತೆ ಮತ್ತೆ ಬೆವರಿದರೆ ಅದಕ್ಕೊಂದು ಕಾರಣ ಹುಡುಕಬೇಕು. ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಇವುಗಳಲ್ಲಿ ಒಂದು ಜೊತೆಗಿದ್ದರೂ ಕಫ ಪರೀಕ್ಷೆ ಮಾಡಿಸಿ. ಕುತ್ತಿಗೆ, ಕಂಕುಳಲ್ಲಿ ಗಂಟು ಕಂಡರೆ ತಡಮಾಡಬೇಡಿ. ಕೆಲವೊಮ್ಮೆ ಅದು ರಕ್ತಕ್ಕೆ, ದುಗ್ಧಗ್ರಂಥಿಗೆ ಸಂಬಂಧಿಸಿದ ಕ್ಯಾನ್ಸರಿನ ಸೂಚನೆಯೂ ಆಗಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್, ಮಾತ್ರೆ ತೆಗೆದುಕೊಳ್ಳುವವರು ಇರುಳು ಬೆವತು ನಡುಗಿದರೆ ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದರೆ ಕೂಡಲೇ ಸಕ್ಕರೆ ನೀರು ಕುಡಿದು, ಮರುದಿನ ವೈದ್ಯರಿಗೆ ಹೇಳಿ. ಎದೆ ಹಿಂಡಿದಂತಾಗಿ ಬೆವರು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಥೈರಾಯ್ಡ್ ನೋಡಿಸಿ. ತಿನ್ನುತ್ತಿರುವ ಮದ್ದುಗಳ ಚೀಟಿಯನ್ನು ಜೊತೆಗೆ ಒಯ್ಯಿರಿ. ಬೆವರು ಮದ್ದಿನಿಂದಲೂ ಬರುವುದುಂಟು, ಆದರೆ ಕೇಳದೆ ಬಿಡಬೇಡಿ. ಇವೆಲ್ಲ ಅಲ್ಲವೆಂದು ಗೊತ್ತಾದ ಮೇಲೆ ಪ್ರಾಯದ್ದು ಎಂದು ಹೇಳಬಹುದು. ನಾನು ಅದನ್ನು ಮೊದಲೇ ಹೇಳಿದೆ. ಅದು ನನ್ನ ತಪ್ಪು.

ಅಡುಗೆಯಾಕೆ ಮರಳಿ ಬಂದು ವರ್ಷ ದಾಟಿತು. ರವಿಕೆಯ ತೋಳಿಗೆ ಈಗ ಪಿನ್ನು ಇಲ್ಲ. ಮೊನ್ನೆ ಹೊಲಿಗೆ ಬಿಚ್ಚಿ ಅಗಲ ಮಾಡಿಸಿಕೊಂಡೆ ಎಂದು ನಗುತ್ತ ತೋರಿಸಿದರು. "ಟೀಚ್ರೇ, ಈಗ ಮತ್ತೆ ರಾತ್ರಿ ಒಂದೊಂದ್ಸಲ ಬೆವರತ್ತ್" ಎಂದರು. ನನ್ನ ಎದೆ ಧಸಕ್ಕೆಂದಿತು. ಕೆಮ್ಮು ಕೇಳಿದೆ, ಜ್ವರ ಕೇಳಿದೆ, ತೂಕ ಕೇಳಿದೆ. ಮೂರಕ್ಕೂ ಇಲ್ಲ ಎಂದರು. ಆದರೂ ಮರುದಿನ ರಜೆ ಹಾಕಿ ಅವರ ಜೊತೆ ಆಸ್ಪತ್ರೆಗೆ ಹೋದೆ. ಕಫ ನೋಡಿದರು, ಎಕ್ಸರೇ ನೋಡಿದರು. ಏನೂ ಇಲ್ಲ, ಇದು ಪ್ರಾಯದ್ದು ಎಂದು ಡಾಕ್ಟರು ಹೇಳಿದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಸ್‌ಸ್ಟ್ಯಾಂಡಿಗೆ ಬಂದು ಎಳನೀರು ಕುಡಿದೆವು. ದುಡ್ಡು ಅವರೇ ಕೊಟ್ಟರು, ನನಗೆ ಕೊಡಲು ಬಿಡಲಿಲ್ಲ.